ಚಿತ್ರ ನಿಮ್ಮದು, ಚೀಲ ಯಾವುದು?

ಮಗಳು ಕೆ.ಕೆ. ಹೆಬ್ಬಾರರು ಕಲಿತು ಕಲಿಸಿದ ಮುಂಬಯಿಯ ಜೆ.ಜೆ. ಕಲಾಶಾಲೆಯ ಕನಸು ಕಾಣುತ್ತಿರಬಹುದು. ಅಥವಾ ನೀವೇ ರಜಾದಿನಗಳಲ್ಲಿ ತೆಗೆದ ಫೋಟೋಗಳನ್ನು ಗ್ಯಾಲರಿಯವರಿಗೆ ತೋರಿಸಬೇಕಾಗಿರಬಹುದು. ವರ್ಷಗಟ್ಟಲೆ ಮಾಡಿದ ಕೆಲಸವನ್ನು ಎದುರಿಗಿದ್ದವರು ಕೆಲವೇ ನಿಮಿಷಗಳಲ್ಲಿ ತಿರುವಿ ಹಾಕುತ್ತಾರೆ. ಅದಕ್ಕೆಂದು ಪೋರ್ಟ್‌ಫೋಲಿಯೋ ಕೊಳ್ಳಲು ಹೋದಾಗ ನಮ್ಮ ಕಣ್ಣು ಮೊದಲು ಹೋಗುವುದು ಹೊರಗಿನ ರಟ್ಟು, ಝಿಪ್ಪು, ಹಿಡಿಕೆಗಳ ಮೇಲೆ. ಆದರೆ ಚಿತ್ರಕ್ಕೆ ತಾಗಿಕೊಂಡಿರುವುದು ಒಳಗಿನ ಪ್ಲಾಸ್ಟಿಕ್ ಹಾಳೆ. ಮೊದಲು ಪರೀಕ್ಷಿಸಬೇಕಾದ್ದು ಅದನ್ನೇ.

ಅಗ್ಗದ ಹಾಳೆಗಳಲ್ಲಿ ಎಷ್ಟೋ ಪಿವಿಸಿಯವು. ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ಕಾಲಕ್ರಮೇಣ ಹೊರಗೆ ಒಸರುತ್ತದೆ. ಆಗ ಹಾಳೆ ಜಿಗುಟಾಗಿ ಫೋಟೋ ಅದಕ್ಕೆ ಅಂಟಿಕೊಳ್ಳುತ್ತದೆ. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಈ ಕಾಟ ಇನ್ನೂ ಹೆಚ್ಚು. ಹೊಸ ರೇನ್‌ಕೋಟಿನಂಥ ವಾಸನೆ ಮೂಗಿಗೆ ಬಡಿದರೆ ಅಂಥ ಹಾಳೆ ಬೇಡ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಎಂದು ನಮೂದಿಸಿದ್ದನ್ನೇ ಕೇಳಿ ಪಡೆಯಿರಿ. ನಡುವೆ ಇಡುವ ಕಪ್ಪು ಕಾಗದ ಆಸಿಡ್ ಫ್ರೀ ಆಗಿರಲಿ.

ಎರಡನೆಯದು ಅಳತೆ. ನಮ್ಮ ಸ್ಟುಡಿಯೋಗಳು ಫೋಟೋ ಮುದ್ರಿಸುವುದು ಇಂಚಿನಲ್ಲಿ, ಫೈಲುಗಳು ಬರುವುದು ಎ4, ಎ3 ಲೆಕ್ಕದಲ್ಲಿ. 8x12 ಇಂಚಿನ ಫೋಟೋದ ಉದ್ದ ಸುಮಾರು 305 ಮಿ.ಮೀ., ಎ4 ಹಾಳೆಯದು 297 ಮಿ.ಮೀ. ಹಾಗಾಗಿ ಅಂಚು ಮಡಚುತ್ತದೆ, ಇಲ್ಲವೇ ಕತ್ತರಿ ಹಿಡಿಯಬೇಕಾಗುತ್ತದೆ. 12x18 ಇಂಚಿನದು ಎ3ಯಲ್ಲೂ ಹಿಡಿಸದು. ಆದ್ದರಿಂದ ಮೊದಲು ಫೈಲನ್ನು ಆರಿಸಿ, ಆಮೇಲೆ ಅದರ ಅಳತೆಗೆ ತಕ್ಕಂತೆ ಮುದ್ರಿಸಿ. ಬೆಳಗಿನ ಲೋಕಲ್ ರೈಲಿನಲ್ಲಿ ಹೋಗುವವರು ಇನ್ನೊಂದನ್ನೂ ಯೋಚಿಸಬೇಕು. ಎ2 ಅಳತೆಯ ಫೈಲು ಹೆಚ್ಚುಕಡಿಮೆ ಎರಡು ಅಡಿ ಉದ್ದ. ಆ ನೂಕುನುಗ್ಗಲಿನಲ್ಲಿ ಅದನ್ನು ಕಾಪಾಡುವುದು ಕಷ್ಟ.

ಮೂರನೆಯದು, ಎಲ್ಲ ಚಿತ್ರವೂ ಪ್ಲಾಸ್ಟಿಕ್ಕಿಗೆ ಒಗ್ಗುವುದಿಲ್ಲ. ಇದ್ದಿಲು, ಪೇಸ್ಟಲ್ ಚಿತ್ರಗಳ ಪುಡಿಯನ್ನು ಪ್ಲಾಸ್ಟಿಕ್ಕಿನ ಸ್ಥಾಯೀವಿದ್ಯುತ್ತು ಎಳೆದುಕೊಳ್ಳುತ್ತದೆ. ಮೈಸೂರು ಶೈಲಿಯ ಚಿತ್ರದಲ್ಲಿ ಉಬ್ಬಿಸಿ ಚಿನ್ನದ ರೇಕು ಹಚ್ಚಿದ ಭಾಗ ಒತ್ತಡ ತಡೆಯದು. ಇಂಥವಕ್ಕೆ ಸುತ್ತ ದಪ್ಪ ರಟ್ಟಿನ ಚೌಕಟ್ಟು ಕೊಟ್ಟು, ಬಿಡಿಬಿಡಿಯಾಗಿ ಗಟ್ಟಿ ಪೆಟ್ಟಿಗೆಯಲ್ಲಿ ಇಡುವುದೇ ಸರಿ.

ಇನ್ನು ಬೈಂಡರ್. ರಿಂಗ್ ಇರುವುದರಲ್ಲಿ ಪುಟಗಳ ಕ್ರಮವನ್ನು ಕ್ಷಣದಲ್ಲಿ ಬದಲಿಸಬಹುದು. ಇಂದು ಕಾಲೇಜಿಗೆ, ನಾಳೆ ಜಾಹೀರಾತು ಕಂಪನಿಗೆ ಎಂದು ಓಡಾಡುವವರಿಗೆ ಅನುಕೂಲ. ಸ್ಕ್ರೂ ಹಾಕುವ ಬೈಂಡರ್ ಪುಸ್ತಕದಂತೆ ಅಚ್ಚುಕಟ್ಟು, ಆದರೆ ಪುಟ ಬದಲಿಸಲು ಬಿಚ್ಚಿ ಕೂರಬೇಕು. ಫೋಟೋಗ್ರಾಫರಿಗೆ ಬಿಡಿ ಪ್ರಿಂಟುಗಳ ಪೆಟ್ಟಿಗೆಯೂ ಒಳ್ಳೆಯದೇ. ನಾಲ್ಕಾರು ಚಿತ್ರಗಳನ್ನು ಮೇಜಿನ ಮೇಲೆ ಒಟ್ಟಿಗೆ ಹರವಿ ನೋಡಬಹುದು. ಯಾವುದೇ ಇರಲಿ, ಹದಿನೈದಿಪ್ಪತ್ತು ಚಿತ್ರ ಸಾಕು. ಅಡ್ಡ ಚಿತ್ರಗಳನ್ನು ಒಂದು ಕಡೆ, ಉದ್ದ ಚಿತ್ರಗಳನ್ನು ಇನ್ನೊಂದು ಕಡೆ ಸೇರಿಸಿಟ್ಟರೆ ನೋಡುವವರು ಪ್ರತಿ ಪುಟಕ್ಕೂ ಫೈಲು ತಿರುಗಿಸಬೇಕಾಗಿಲ್ಲ.

ಕೈಯಲ್ಲಿ ಬರೆದ ಚಿತ್ರ ಒಂದೇ ಪ್ರತಿ. ಮೂಲವೇ ಬೇಕೆಂದು ಕೇಳದಿದ್ದರೆ ಒಳ್ಳೆಯ ಮುದ್ರಿತ ಪ್ರತಿ ಒಯ್ಯಿರಿ. ಮೂಲಚಿತ್ರ ಮನೆಯಲ್ಲಿರಲಿ, ಆದರೆ ಮಳೆಗಾಲದಲ್ಲಿ ಒದ್ದೆಯಾಗುವ ಹೊರಗೋಡೆಗೆ ಒತ್ತಿಕೊಂಡ ಬೀರುವಿನಲ್ಲಿ ಬೇಡ.

ಹಾಗೆಯೇ ಈ ಭಾನುವಾರ ಮಕ್ಕಳ ಹಳೆಯ ಚಿತ್ರಗಳ ಫೈಲನ್ನೂ ಊರಿನಿಂದ ತಂದ ಅಪ್ಪ ಅಮ್ಮನ ಆಲ್ಬಮನ್ನೂ ತೆರೆದು ನೋಡಿ. ಫೋಟೋ ಪ್ಲಾಸ್ಟಿಕ್ಕಿಗೆ ಅಂಟಿದ್ದರೆ ಎಳೆಯಲು ಹೋಗಬೇಡಿ, ಬಣ್ಣದ ಪದರವೇ ಕಿತ್ತು ಬರುತ್ತದೆ. ಮೊದಲು ಇದ್ದ ಹಾಗೆಯೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಅಂಟದೆ ಉಳಿದವನ್ನು ಒಳ್ಳೆಯ ಹಾಳೆಗೆ ಬದಲಿಸಿ.