ಪರ್ಫ್ಯೂಮ್‌ನಲ್ಲಿ ಮರ, ಪಾಚಿ, ಉಪ್ಪಿನ ವಾಸನೆ: ಮೈಮೇಲೆ ಬಿದ್ದ ಮೇಲೆ ನಿಜಕ್ಕೂ ಏನಾಗುತ್ತದೆ?

‘ನಿಮ್ಮ ಚರ್ಮದ ಪಿಎಚ್‌ಗೆ ತಕ್ಕಂತೆ ಪರ್ಫ್ಯೂಮ್ ವಾಸನೆ ಬದಲಾಗುತ್ತದೆ’, ‘ಮಣಿಕಟ್ಟು ಉಜ್ಜಿದರೆ ಪರಿಮಳದ ಅಣುಗಳು ಒಡೆಯುತ್ತವೆ’, ‘ನೈಸರ್ಗಿಕ ಸುಗಂಧದಿಂದ ಅಲರ್ಜಿ ಆಗುವುದಿಲ್ಲ’. ಇಂಥ ಮಾತುಗಳನ್ನು ನೀವೂ ಕೇಳಿರಬಹುದು. ಮೊದಲ ಎರಡನ್ನು ನಂಬಿದರೆ ದೊಡ್ಡ ನಷ್ಟವೇನಿಲ್ಲ. ಮೂರನೆಯದನ್ನು ನಂಬಿದರೆ ಮೈಮೇಲೆ ತುರಿಕೆ ಏಳಬಹುದು. ಮರ, ಪಾಚಿ, ಸಮುದ್ರದ ಉಪ್ಪು ನೆನಪಿಸುವ ಪರ್ಫ್ಯೂಮ್‌ಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇವುಗಳ ಹಿಂದಿನ ವಿಜ್ಞಾನ ನೋಡೋಣ.

ಮೊದಲು ನಿಂಬೆ, ಕೊನೆಗೆ ಗಂಧ: ಯಾಕೆ ಹೀಗೆ?

ಪರ್ಫ್ಯೂಮ್ ಎಂದರೆ ಆಲ್ಕೋಹಾಲ್‌ನಲ್ಲಿ ಕರಗಿಸಿದ ಹತ್ತಾರು ಸುಗಂಧ ವಸ್ತುಗಳ ಮಿಶ್ರಣ. ಯಾವುದೇ ವಾಸನೆ ನಮಗೆ ತಿಳಿಯಬೇಕಾದರೆ ಅದರ ಅಣುಗಳು ಆವಿಯಾಗಿ ಮೂಗು ತಲುಪಬೇಕು. ಎಲ್ಲ ಅಣುಗಳೂ ಒಂದೇ ವೇಗದಲ್ಲಿ ಆವಿಯಾಗುವುದಿಲ್ಲ. ನಿಂಬೆ, ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೊನೀನ್‌ನ ಅಣುತೂಕ 136. ಶ್ರೀಗಂಧದಲ್ಲಿರುವ ಸ್ಯಾಂಟಲಾಲ್‌ನದು 220. ಹಗುರವಾದ ಲಿಮೊನೀನ್ ಬೇಗ ಹಾರಿಹೋಗುತ್ತದೆ. ಭಾರವಾದ, ಪರಸ್ಪರ ಗಟ್ಟಿಯಾಗಿ ಹಿಡಿದುಕೊಳ್ಳುವ ಸ್ಯಾಂಟಲಾಲ್ ಅಣುಗಳು ಗಂಟೆಗಟ್ಟಲೆ ಚರ್ಮದ ಮೇಲೆ ಉಳಿದು ಸ್ವಲ್ಪಸ್ವಲ್ಪವಾಗಿ ಹೊರಬರುತ್ತವೆ.

ಹಾಗಾಗಿ ಅಂಗಡಿಯಲ್ಲಿ ಸಿಂಪಡಿಸಿದ ತಕ್ಷಣ ಮೂಸಿದ್ದು ಒಂದು, ಮಧ್ಯಾಹ್ನ ಅಂಗಿಯ ತೋಳಿನಿಂದ ಬರುವುದು ಇನ್ನೊಂದು. ಅತ್ತರು ತಯಾರಿಸುವವರು ಹಿಂದಿನಿಂದಲೂ ಶ್ರೀಗಂಧದ ಎಣ್ಣೆಯನ್ನು ತಳಹದಿಯಾಗಿ ಬಳಸಿದ್ದಕ್ಕೂ ಇದೇ ಕಾರಣ. ಅದು ತಾನೂ ಉಳಿಯುತ್ತದೆ, ಬೇರೆ ಪರಿಮಳಗಳನ್ನೂ ಹಿಡಿದಿಡುತ್ತದೆ.

ಪಾಚಿ ಎನ್ನುತ್ತಾರೆ, ಆದರೆ ಅದು ಪಾಚಿಯಲ್ಲ

ಪರ್ಫ್ಯೂಮ್‌ಗಳಲ್ಲಿ ಪಾಚಿಯ ವಾಸನೆ ಎನ್ನುವುದು ಹೆಚ್ಚಾಗಿ ಬರುವುದು ‘ಓಕ್‌ಮಾಸ್’ ಎಂಬ ವಸ್ತುವಿನಿಂದ. ಹೆಸರಿನಲ್ಲಿ ಪಾಚಿ ಇದ್ದರೂ ಇದು ಯುರೋಪಿನ ಓಕ್ ಮರಗಳ ಮೇಲೆ ಬೆಳೆಯುವ ಕಲ್ಲುಹೂವಿನ ಜಾತಿ. ಶಿಲೀಂಧ್ರ ಮತ್ತು ಶೈವಲ ಕೂಡಿ ಬಾಳುವ ಜೀವಿ. ನಮ್ಮ ಮಸಾಲೆ ಪುಡಿಗೆ ಹುರಿದು ಹಾಕುವ ಕಲ್ಲುಹೂವು ಇದರದೇ ಬಳಗದ್ದು. ಓಕ್‌ಮಾಸ್‌ನ ವಾಸನೆ ಮಳೆ ನಿಂತ ಮೇಲಿನ ಕಾಡಿನ ನೆಲವನ್ನು, ಒದ್ದೆ ತೊಗಟೆಯನ್ನು ನೆನಪಿಸುತ್ತದೆ. 1917ರಲ್ಲಿ ಫ್ರಾನ್ಸ್‌ನ ಫ್ರಾಂಸ್ವಾ ಕೋಟಿ ಹೊರತಂದ ‘ಶೀಪ್ರ್’ ಪರ್ಫ್ಯೂಮ್ ಇದನ್ನು ಜನಪ್ರಿಯಗೊಳಿಸಿತು. ಇಂದಿಗೂ ಈ ಬಗೆಯ ಪರಿಮಳಗಳಿಗೆ ಅದೇ ಹೆಸರು.

ಉಪ್ಪಿಗೆ ವಾಸನೆ ಇದೆಯೇ?

ಇಲ್ಲ. ಅಡುಗೆ ಉಪ್ಪು ಕರಗುವುದೇ 801 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಾಮಾನ್ಯ ಉಷ್ಣತೆಯಲ್ಲಿ ಅದು ಆವಿಯಾಗುವುದಿಲ್ಲ, ಆದ್ದರಿಂದ ಮೂಗಿಗೆ ಸಿಗುವುದೂ ಇಲ್ಲ. ಕಾರವಾರದಲ್ಲೋ ಮಲ್ಪೆಯಲ್ಲೋ ನಿಂತಾಗ ‘ಉಪ್ಪಿನ ಗಾಳಿ’ ಎನಿಸುವುದರಲ್ಲಿ ದೊಡ್ಡ ಪಾಲು ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ್ದು. ಸಮುದ್ರದ ಸೂಕ್ಷ್ಮ ಶೈವಲಗಳಲ್ಲಿರುವ ಒಂದು ವಸ್ತುವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅದು ಹುಟ್ಟುತ್ತದೆ.

ಪರ್ಫ್ಯೂಮ್‌ನಲ್ಲಿ ಈ ಭಾವ ತರಲು 1966ರಲ್ಲಿ ಫೈಜರ್ ಕಂಪನಿಯ ವಿಜ್ಞಾನಿಗಳು ಕಂಡುಹಿಡಿದ ‘ಕ್ಯಾಲೋನ್’ ಎಂಬ ಸಂಯುಕ್ತವನ್ನು ಬಳಸುತ್ತಾರೆ. ಅದರ ವಾಸನೆಯಲ್ಲಿ ಕಡಲ ಗಾಳಿಯ ಜೊತೆ ಕಲ್ಲಂಗಡಿಯ ಛಾಯೆಯೂ ಇರುತ್ತದೆ. ‘ಆಂಬ್ರಾಕ್ಸ್’ ಇನ್ನೊಂದು. ಮೊಬೈಲ್‌ಗಳಲ್ಲಿ ‘ಕೋಟಿ ಬೆಲೆಯ ತಿಮಿಂಗಿಲದ ವಾಂತಿ’ ಎಂದು ಓಡಾಡುವ ಅಂಬರ್‌ಗ್ರಿಸ್‌ನಲ್ಲಿ ಸಿಗುವ ಪರಿಮಳವೇ ಇದು. ಆದರೆ ಅಂಬರ್‌ಗ್ರಿಸ್ ರೂಪುಗೊಳ್ಳುವುದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ. ಭಾರತದಲ್ಲಿ ಅದರ ವ್ಯಾಪಾರ ಕಾನೂನುಬಾಹಿರ. ಇವತ್ತು ಆಂಬ್ರಾಕ್ಸ್ ಅನ್ನು ಕ್ಲಾರಿ ಸೇಜ್ ಎಂಬ ಗಿಡದ ಸಾರದಿಂದಲೂ ತಯಾರಿಸುತ್ತಾರೆ, ತಿಮಿಂಗಿಲದ ಅಗತ್ಯವಿಲ್ಲ.

ಹಾಗಾದರೆ ಚರ್ಮದ ಪಾತ್ರವೇನು?

ಒಂದೇ ಪರ್ಫ್ಯೂಮ್ ಇಬ್ಬರ ಮೈಮೇಲೆ ಬೇರೆಯಾಗಿ ಕಾಣುವುದು ಸುಳ್ಳಲ್ಲ. ಮುಖ್ಯ ಕಾರಣಗಳು ಚರ್ಮದ ಬಿಸಿ, ಎಣ್ಣೆಯಂಶ ಮತ್ತು ಬೆವರು. ಎಣ್ಣೆಯಂಶವಿರುವ ಚರ್ಮ ಸುಗಂಧದ ಅಣುಗಳನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಒಣ ಚರ್ಮದಲ್ಲಿ ಅವು ಬೇಗ ಹಾರಿಹೋಗುತ್ತವೆ. ಆರೋಗ್ಯವಂತರೆಲ್ಲರ ಚರ್ಮವೂ ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯವೇ. ಪಿಎಚ್ ಒಂದನ್ನೇ ಹಿಡಿದು ಎಲ್ಲವನ್ನೂ ವಿವರಿಸಲಾಗದು.

ಮಣಿಕಟ್ಟು ಉಜ್ಜಿದರೆ ಅಣುಗಳು ಒಡೆಯುವುದೂ ಇಲ್ಲ, ಅಷ್ಟು ಬಲ ನಮ್ಮ ಕೈಗಳಿಗಿಲ್ಲ. ಉಜ್ಜಿದಾಗ ಚರ್ಮ ಬಿಸಿಯಾಗಿ ಮೊದಲ ಹಗುರ ಪರಿಮಳ ಬೇಗ ಆವಿಯಾಗುತ್ತದೆ, ಅಷ್ಟೇ.

ಅರ್ಧ ಗಂಟೆಯಲ್ಲೇ ‘ವಾಸನೆ ಹೋಯಿತು’ ಎನಿಸುವುದಕ್ಕೆ ಹಲವು ಬಾರಿ ಕಾರಣ ನಮ್ಮ ಮೂಗು. ಒಂದೇ ವಾಸನೆ ಸತತವಾಗಿ ಬರುತ್ತಿದ್ದರೆ ಮೂಗು ಮತ್ತು ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ನಿಮಗೆ ತಿಳಿಯದಿದ್ದರೂ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಚೆನ್ನಾಗಿಯೇ ತಿಳಿಯುತ್ತಿರುತ್ತದೆ. ಮತ್ತೆ ಸಿಂಪಡಿಸುವ ಮೊದಲು ಬೇರೆಯವರನ್ನು ಕೇಳಿ.

ನೈಸರ್ಗಿಕವಾದರೆ ಸುರಕ್ಷಿತವೇ?

ಈ ಪ್ರಶ್ನೆಗೆ ಓಕ್‌ಮಾಸ್‌ನಲ್ಲೇ ಉತ್ತರವಿದೆ. ಮರದ ಮೇಲೆ ಬೆಳೆದ, ಅಪ್ಪಟ ನೈಸರ್ಗಿಕ ವಸ್ತುವಿನ ಸಾರದಲ್ಲಿ ಅಟ್ರನಾಲ್, ಕ್ಲೋರೋಅಟ್ರನಾಲ್ ಎಂಬ ಎರಡು ಸಂಯುಕ್ತಗಳಿರುತ್ತವೆ. ಇವು ಚರ್ಮದ ಅಲರ್ಜಿ ತರುವ ಪ್ರಬಲ ವಸ್ತುಗಳು. ಯುರೋಪಿಯನ್ ಒಕ್ಕೂಟ 2017ರಲ್ಲಿ ಸೌಂದರ್ಯವರ್ಧಕಗಳಲ್ಲಿ ಇವೆರಡನ್ನೂ ನಿಷೇಧಿಸಿತು. ಈಗ ಇವನ್ನು ತೆಗೆದು ಶುದ್ಧೀಕರಿಸಿದ ಓಕ್‌ಮಾಸ್ ಅಥವಾ ಪ್ರಯೋಗಾಲಯದಲ್ಲಿ ತಯಾರಾದ ಪರ್ಯಾಯ ಬಳಸುತ್ತಾರೆ. ಇಲ್ಲಿ ಚರ್ಮಕ್ಕೆ ಹೆಚ್ಚು ತೊಂದರೆ ಕೊಟ್ಟದ್ದು ಪ್ರಕೃತಿಯಲ್ಲಿ ಸಿಗುವ ವಸ್ತುವೇ.

ಇನ್ನೊಂದು ವಿಷಯ ನೆನಪಿರಲಿ. ಸುಗಂಧದ ಅಲರ್ಜಿ ಮೊದಲ ಸಲವೇ ಕಾಣಿಸಿಕೊಳ್ಳಬೇಕೆಂದಿಲ್ಲ. ವರ್ಷಗಟ್ಟಲೆ ಬಳಸಿದ ಪರ್ಫ್ಯೂಮ್ ಕೂಡ ಒಂದು ದಿನ ಒಗ್ಗದಿರಬಹುದು. ಗುಳ್ಳೆ, ತುರಿಕೆ ಏಳಲು ಒಂದೆರಡು ದಿನ ಹಿಡಿಯುವುದರಿಂದ ಕಾರಣ ಪರ್ಫ್ಯೂಮ್ ಎಂದು ಹೊಳೆಯುವುದೂ ಇಲ್ಲ.

ನೀವು ಏನು ಮಾಡಬಹುದು?

ಹೊಸ ಪರ್ಫ್ಯೂಮ್ ಅಥವಾ ಅತ್ತರನ್ನು ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ಮೂರು ದಿನ ಗಮನಿಸಿ. ಕೊಳ್ಳುವ ಮುನ್ನ ಕಾಗದದ ಪಟ್ಟಿ ಮಾತ್ರ ಮೂಸಬೇಡಿ, ಚರ್ಮಕ್ಕೆ ಹಾಕಿ ಕೆಲವು ಗಂಟೆ ಕಾಯಿರಿ. ಗಾಯ, ಕೆಂಪು ಅಥವಾ ಶೇವ್ ಮಾಡಿದ ಜಾಗಕ್ಕೆ ಹಾಕಬೇಡಿ. ತುರಿಕೆ ಬಂದರೆ ಬಳಕೆ ನಿಲ್ಲಿಸಿ, ಕಡಿಮೆಯಾಗದಿದ್ದರೆ ಚರ್ಮರೋಗ ತಜ್ಞರನ್ನು ಕಾಣಿ. ಯಾವ ವಸ್ತು ಒಗ್ಗುವುದಿಲ್ಲ ಎಂಬುದನ್ನು ಅವರು ಪ್ಯಾಚ್ ಟೆಸ್ಟ್ ಮೂಲಕ ಪತ್ತೆ ಮಾಡುತ್ತಾರೆ.

‘ಇದು ನೈಸರ್ಗಿಕ, ಧೈರ್ಯವಾಗಿ ಹಚ್ಚಿ’ ಎಂಬ ಸಂದೇಶ ಮುಂದೆ ಬಂದರೆ, ಅದರ ಕೆಳಗೆ ಓಕ್‌ಮಾಸ್‌ನ ಈ ಸಂಗತಿಯನ್ನೂ ಸೇರಿಸಿ ಕಳುಹಿಸಿ.