‘ಪಾಪ’ ಅಂದರೆ ಸಾಕೇ?

2020ರ ಅಕ್ಟೋಬರ್‌ನಲ್ಲಿ ನಮ್ಮ ಕಾಸರಕೋಡ ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆಗ ರಾಜ್ಯದಲ್ಲಿ ಈ ಗೌರವ ಪಡೆದ ಇನ್ನೊಂದು ತೀರ ಪಡುಬಿದ್ರಿ ಮಾತ್ರ. ಈ ಮಾನ್ಯತೆಗೆ 33 ಮಾನದಂಡಗಳಿವೆ. ಶುದ್ಧ ನೀರು, ಸ್ವಚ್ಛ ಮರಳಿನ ಜೊತೆ ಅಂಗವಿಕಲರಿಗೆ ಬೇಕಾದ ಅನುಕೂಲವೂ ಅವುಗಳಲ್ಲಿ ಸೇರಿದೆ.

ಪ್ರವಾಸಿಗರಿಗಾಗಿ ಯೋಚಿಸಿದ್ದನ್ನು ನಮ್ಮ ಊರಿನವರಿಗಾಗಿ ಏಕೆ ಯೋಚಿಸುವುದಿಲ್ಲ? ನಡೆಯಲಾಗದವರು ಬೀಚಿಗೆ ಬರಬೇಕಾದರೆ ಮೊದಲು ಬಸ್ ಹತ್ತಬೇಕು. ಅವರಿಗೆ ರಿಯಾಯಿತಿ ಪಾಸ್ ಇದೆ, ಮೀಸಲು ಸೀಟೂ ಇದೆ. ಆದರೆ ಆ ಸೀಟಿಗೆ ಹೋಗಲು ಎತ್ತರದ ಮೆಟ್ಟಿಲು ಹತ್ತಬೇಕು. ಅಂಗಡಿ, ಮದುವೆ ಹಾಲ್, ಮಸೀದಿ, ಹೆಚ್ಚಿನ ಕಡೆ ಮೆಟ್ಟಿಲೇ. ಹೀಗಾಗಿ ಅವರು ಮನೆಯಲ್ಲೇ ಉಳಿಯುತ್ತಾರೆ. ಅವರಿಗೆ ಹೊರಗೆ ಬರಲು ಇಷ್ಟವಿಲ್ಲ ಎಂದು ನಾವು ತಿಳಿಯುತ್ತೇವೆ.

ನಮ್ಮ ಮನೆಯ ಉರ್ದುವಿನಲ್ಲಿ ‘ಬೇಚಾರಾ’ ಎನ್ನುತ್ತಾರೆ, ಪೇಟೆಯ ಕನ್ನಡದಲ್ಲಿ ‘ಪಾಪ’ ಎನ್ನುತ್ತಾರೆ. ಅಷ್ಟು ಹೇಳಿದರೆ ನಮ್ಮ ಕೆಲಸ ಮುಗಿಯಿತು ಎಂಬ ಸಮಾಧಾನ. ಹೆಸರು ಬಿಟ್ಟು ಕುಂಟ, ಲಂಗ್ಡಾ ಎಂದು ಕರೆಯುವವರೂ ಇದ್ದಾರೆ. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅಂಗವಿಕಲ ತಂಗಿಯನ್ನು ಒಳಕೋಣೆಯಲ್ಲಿ ಕೂರಿಸುವ ಮನೆಗಳೂ ಇವೆ.

ಕಾನೂನು ಕನಿಕರದ ಮಾತನ್ನೇ ಆಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಶೇ. 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಮೀಸಲಾತಿ ಕೊಟ್ಟಿದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಬಂದ 5 ವರ್ಷದೊಳಗೆ ಸರಿಪಡಿಸಬೇಕು ಎಂದಿದೆ. ನಿಯಮಗಳು ಬಂದದ್ದು 2017ರಲ್ಲಿ, ಗಡುವು ಮುಗಿದದ್ದು 2022ರಲ್ಲಿ. 2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ.

ಕಾಮರ್ಸ್ ಓದುವ ನಮಗೆ ಒಂದು ವಿಷಯ ಗೊತ್ತು: ಕೊಡಬೇಕಾದ ಬಾಕಿಯನ್ನು ದಾನದ ಖಾತೆಗೆ ಬರೆಯುವಂತಿಲ್ಲ. ಗಾಲಿಕುರ್ಚಿಗೆ ಬೇಕಾದ ಇಳಿಜಾರು ದಾರಿ ನಾವು ಕೊಡುವ ದಾನವಲ್ಲ, ತೀರಿಸದೆ ಉಳಿಸಿಕೊಂಡ ಬಾಕಿ.

ಪ್ರವಾದಿ ಮುಹಮ್ಮದ್ (ಸ) ಅವರು ಅಂಧರಾಗಿದ್ದ ಅಬ್ದುಲ್ಲಾ ಇಬ್ನ್ ಉಮ್ಮೆ ಮಕ್ತೂಮ್ ಅವರಿಗೆ ಅಝಾನ್ ಕೊಡುವ ಹೊಣೆ ವಹಿಸಿದ್ದರು. ತಾವು ಮದೀನಾದಿಂದ ಹೊರಗೆ ಹೋಗುವಾಗ ಊರಿನ ಜವಾಬ್ದಾರಿಯನ್ನೂ ಅವರಿಗೆ ಒಪ್ಪಿಸಿದ್ದುಂಟು. ಅವರಿಗೆ ಸಿಕ್ಕಿದ್ದು ಕೆಲಸ ಮತ್ತು ಗೌರವ.

ಗೆಳೆಯರೇ, ಸರ್ಕಾರ ಮಾಡಬೇಕಾದದ್ದನ್ನು ಸರ್ಕಾರದಿಂದ ಕೇಳೋಣ. ನಮ್ಮ ಕೈಯಲ್ಲಿರುವುದನ್ನು ಇಂದೇ ಮಾಡೋಣ. ಯಾರನ್ನೇ ಆಗಲಿ ಅವರ ಹೆಸರಿನಿಂದ ಕರೆಯೋಣ. ಕಾರ್ಯಕ್ರಮವನ್ನು ಮಹಡಿಯ ಮೇಲೆ ಇಡುವ ಮೊದಲು ಮೆಟ್ಟಿಲು ಹತ್ತಲಾಗದವರು ಇದ್ದಾರೆಯೇ ಎಂದು ವಿಚಾರಿಸೋಣ. ನಮ್ಮ ಮಸೀದಿ, ಅಂಗಡಿಗಳ ಬಾಗಿಲಿಗೆ ಒಂದು ಇಳಿಜಾರು ಹಾಕಿಸಿ ಎಂದು ಹಿರಿಯರನ್ನು ಕೇಳೋಣ. ಅದಕ್ಕೆ ನಾಲ್ಕೈದು ಮೂಟೆ ಸಿಮೆಂಟ್ ಸಾಕು.