ರಕ್ತದ ಕೊಬ್ಬು: ಕಿಟ್ ಸಾಕೇ, ಕಿರಣ ಬೇಕೇ?

ಲಿಪಿಡ್ ಪ್ರೊಫೈಲ್‌ಗೆಂದು ಕೊಟ್ಟ ರಕ್ತವನ್ನು ಬಹುಪಾಲು ಲ್ಯಾಬುಗಳು ಇಂದು ಕಿಣ್ವಗಳ ಕಿಟ್‌ನಿಂದ ಪರೀಕ್ಷಿಸುತ್ತವೆ. ಕಿಣ್ವಗಳು ಕೊಲೆಸ್ಟ್ರಾಲಿನೊಡನೆ ವರ್ತಿಸಿ ಬಣ್ಣ ಬರಿಸುತ್ತವೆ. ಯಂತ್ರ ಆ ಬಣ್ಣವನ್ನು ಅಳೆಯುತ್ತದೆ. ಕಿಟ್‌ನ ಗೊಡವೆಯೇ ಬೇಡ, ಸ್ವಯಂಚಾಲಿತ ಯಂತ್ರದಲ್ಲಿ ಅವಕೆಂಪು ಕಿರಣ ಹಾಯಿಸಿದರೆ ಸಾಕು ಎನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಕೊಬ್ಬಿನ ಅಣುಗಳಲ್ಲಿರುವ ಎಸ್ಟರ್ ಬಂಧವು ಸೆಂಟಿಮೀಟರಿಗೆ ಸುಮಾರು 1740 ಅಲೆಗಳಿರುವ ಕಿರಣವನ್ನು ಹೀರಿಕೊಳ್ಳುತ್ತದೆ. ಎಷ್ಟು ಹೀರಿತು ಎಂಬುದರಿಂದ ಕೊಬ್ಬು ಎಷ್ಟಿದೆಯೆಂದು ತಿಳಿಯಬಹುದು. ಕೆಲವೇ ಮೈಕ್ರೋಲೀಟರ್ ಸೀರಂ ಸಾಕು. ಅದೇ ಸ್ಕ್ಯಾನಿನಿಂದ ಗ್ಲೂಕೋಸ್, ಪ್ರೋಟೀನುಗಳ ಅಂದಾಜೂ ಸಿಗುತ್ತದೆ. ಫ್ರಿಜ್ಜಿನಲ್ಲಿಡಬೇಕಾದ, ಅವಧಿ ಮೀರಿದರೆ ಚೆಲ್ಲಬೇಕಾದ ಕಿಟ್‌ಗಳ ಖರ್ಚಿಲ್ಲ. ಹಾಲಿನ ಫ್ಯಾಟ್ ಅಳೆಯಲು ಡೇರಿ ಉದ್ಯಮ ಇದೇ ತತ್ವವನ್ನು ದಶಕಗಳಿಂದ ನೆಚ್ಚಿಕೊಂಡಿದೆ.

ಆದರೆ ಹಾಲಿನ ಲೆಕ್ಕ ರಕ್ತಕ್ಕೆ ಸಲ್ಲುವುದೇ? ಹಸುವಿನ ಹಾಲಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಕೊಬ್ಬಿರುತ್ತದೆ. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡಿಗೆ ವೈದ್ಯರು ಹೇಳುವ ಮೇಲ್ಮಿತಿ ಡೆಸಿಲೀಟರಿಗೆ 150 ಮಿಲಿಗ್ರಾಂ, ಅಂದರೆ ಲೀಟರಿಗೆ ಒಂದೂವರೆ ಗ್ರಾಂ ಮಾತ್ರ. ಅದರ ಸುತ್ತ 70 ಗ್ರಾಮಿನಷ್ಟು ಪ್ರೋಟೀನು, ಮಿಕ್ಕಿದ್ದು ಬಹುತೇಕ ನೀರು. ಈ ಸಂತೆಯ ಗದ್ದಲದಲ್ಲಿ ಒಂದು ದನಿಯನ್ನು ಬೇರ್ಪಡಿಸುವ ಕೆಲಸ ಸಂಖ್ಯಾಶಾಸ್ತ್ರದ್ದು. ಯಂತ್ರಕ್ಕೆ ಅದನ್ನು ಕಲಿಸುವುದಾದರೂ ಸಾಮಾನ್ಯವಾಗಿ ಕಿಣ್ವ ವಿಧಾನದಿಂದ ಅಳೆದ ಮಾದರಿಗಳನ್ನು ಮುಂದಿಟ್ಟೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಎಲ್‌ಡಿಎಲ್‌ನಲ್ಲೂ ಎಚ್‌ಡಿಎಲ್‌ನಲ್ಲೂ ಇರುವ ಕೊಲೆಸ್ಟ್ರಾಲ್ ಒಂದೇ. ಹೊತ್ತೊಯ್ಯುವ ಕಣ ಬೇರೆ. ಚಿಕಿತ್ಸೆ ಬಹುಮಟ್ಟಿಗೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಕಿರಣಕ್ಕೆ ನೇರವಾಗಿ ಸಿಗುವುದು ರಾಸಾಯನಿಕ ಬಂಧದ ಸುಳಿವು. ಕಣ ಯಾವುದೆಂಬುದನ್ನು ಪರೋಕ್ಷವಾಗಿ ಊಹಿಸಬೇಕು.

ಹಾಗೆಂದು ಹಳೆಯ ವಿಧಾನ ನಿಷ್ಕಳಂಕವೇನಲ್ಲ. ರಕ್ತದಲ್ಲಿ ವಿಟಮಿನ್ ಸಿ ವಿಪರೀತವಿದ್ದರೆ ಬಣ್ಣ ತಗ್ಗಿ, ಕೊಲೆಸ್ಟ್ರಾಲ್ ಇರುವುದಕ್ಕಿಂತ ಕಡಿಮೆ ತೋರಬಹುದು. ಎಷ್ಟೋ ವರದಿಗಳಲ್ಲಿ ಎಲ್‌ಡಿಎಲ್ ಅಳೆದದ್ದೇ ಅಲ್ಲ, 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕಿದ್ದು; ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ ಆ ಸೂತ್ರ ಕೈಕೊಡುತ್ತದೆ. ಕಿರಣದ ಊಹೆಯನ್ನು ಜರೆಯುವವರು ಈ ಊಹೆಯನ್ನೂ ನೆನೆಯಬೇಕಲ್ಲವೇ?

ಎರಡನ್ನೂ ತೂಗಿದರೆ, ಟ್ರೈಗ್ಲಿಸರೈಡ್ ಮತ್ತು ಒಟ್ಟು ಕೊಲೆಸ್ಟ್ರಾಲುಗಳ ಮೊದಲ ಸುತ್ತಿನ ತಪಾಸಣೆಗೆ, ಮುಖ್ಯವಾಗಿ ಆರೋಗ್ಯ ಶಿಬಿರಗಳಲ್ಲಿ, ಅವಕೆಂಪು ಯಂತ್ರಕ್ಕೆ ಅವಕಾಶ ಕೊಡಬಹುದೆನಿಸುತ್ತದೆ. ಅದೂ ಒಂದಷ್ಟು ಮಾದರಿಗಳನ್ನು ಕಿಣ್ವ ವಿಧಾನದಲ್ಲೂ ಅಳೆದು ಆಗಾಗ ತಾಳೆ ನೋಡುವ ಷರತ್ತಿನ ಮೇಲೆ. ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡುವ, ಡೋಸ್ ಬದಲಿಸುವ ನಿರ್ಧಾರಕ್ಕೆ ಸದ್ಯ ಕಿಣ್ವ ವಿಧಾನದ ವರದಿಯೇ ಆಧಾರವಾಗಿರಲಿ.